ಕ್ಯಾಮೆರಾ ಯಾವುದು ಎನ್ನುವ ಮೊದಲು ಕಟ್ಟುವುದು ಎಲ್ಲಿಗೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮೈಮೇಲೆ ಕಟ್ಟಿಕೊಳ್ಳುವ ಏಳು ಆ್ಯಕ್ಷನ್ ಕ್ಯಾಮೆರಾಗಳ ಪಟ್ಟಿ ಬಂದಿತ್ತು. ಬೈಕ್ ಓಡಿಸುವವರು, ಈಜುವವರು, ಬಂಡೆ ಹತ್ತುವವರು ಎಲ್ಲರಿಗೂ ಒಂದೇ ಪಟ್ಟಿ. ಯಾವುದರ ವಿಡಿಯೊ ಎಷ್ಟು ಕೆ ಸ್ಪಷ್ಟತೆಯದು, ಎಷ್ಟು ಮೆಗಾಪಿಕ್ಸೆಲ್, ಎಷ್ಟು ರೂಪಾಯಿ ಎಂದು ಅಂದವಾಗಿ ಕೋಷ್ಟಕ ಹಾಕಿದ್ದಿರಿ. ಅದನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಂಡು ಇಬ್ಬರು ಹುಡುಗರು ಮಂಗಳವಾರವೇ ಬೆಟಗೇರಿಯ ನನ್ನ ಸ್ಟುಡಿಯೊಗೆ ಬಂದರು. ‘ಅಂಕಲ್, ಬಂಡೆ ಹತ್ತಲು ಬಾದಾಮಿಗೆ ಹೋಗುತ್ತಿದ್ದೇವೆ. ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳೋಣ?’ ಎಂದು ಕೇಳಿದರು. ‘ಎಲ್ಲಿಗೆ ಕಟ್ಟುತ್ತೀರಿ?’ ಎಂದೆ. ಮುಖ ಮುಖ ನೋಡಿಕೊಂಡರು. ನಿಮ್ಮ ಕೋಷ್ಟಕದಲ್ಲಿ ಆ ಕಾಲಂ ಇರಲಿಲ್ಲ.

ನಾನು 27 ವರ್ಷಗಳಿಂದ ಮದುವೆಗಳ ವಿಡಿಯೊ ತೆಗೆಯುವವನು. ವಿಎಚ್‌ಎಸ್ ಕ್ಯಾಸೆಟ್ಟಿನ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು, ಹ್ಯಾಲೊಜೆನ್ ದೀಪದ ಝಳಕ್ಕೆ ಮದುಮಗಳ ಹಣೆಯ ಕುಂಕುಮ ಕರಗಿ ಇಳಿಯುವುದನ್ನು ನೋಡುತ್ತ ಕಸುಬು ಕಲಿತೆ. ಬಂಡೆ ಹತ್ತುವವಳು ನನ್ನ ಮಗಳು. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಬಿಡುವು ಸಿಕ್ಕಾಗಲೆಲ್ಲ ಗೆಳೆಯ ಗೆಳತಿಯರ ಜೊತೆ ಬಾದಾಮಿಯ ರೈಲು ಹತ್ತುತ್ತಾಳೆ. ಗದಗದಿಂದ ಸುಮಾರು 70 ಕಿಲೋಮೀಟರ್. ಹೊಳೆಆಲೂರಿನ ಬಳಿ ಮಲಪ್ರಭೆ ದಾಟಿದರೆ ಬೂಟಿನ ದಾರ ಬಿಗಿದುಕೊಳ್ಳಲು ಶುರುಮಾಡುತ್ತಾರಂತೆ. ಟ್ರೈಪಾಡ್ ಹಿಡಿದು ನಾನೂ ಐದಾರು ಬಾರಿ ಹೋಗಿ ಬಂದಿದ್ದೇನೆ. ಈ ಪತ್ರ ಬರೆಯಲು ನನಗಿರುವ ಅರ್ಹತೆ ಇಷ್ಟೇ.

ನಾವು ಮೊದಲು ಕೊಂಡ ಕ್ಯಾಮೆರಾ ಅಗ್ಗದ್ದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘4ಕೆ’ ಎಂದಿತ್ತು. ಕಂಪ್ಯೂಟರಿಗೆ ಹಾಕಿ ನೋಡಿದರೆ ಚಿಕ್ಕ ಚಿತ್ರವನ್ನೇ ಹಿಗ್ಗಿಸಿ 4ಕೆ ಎನ್ನಿಸಿದ್ದರು. ಅದಕ್ಕೆ ನನಗೆ ಬೇಸರವಿಲ್ಲ, ಮೂವತ್ತು ಸಾವಿರದ ವಸ್ತು ಮೂರು ಸಾವಿರಕ್ಕೆ ಬಂದೀತೆಂದು ನಂಬಿದವನು ನಾನೇ. ಅದರ ಜೊತೆ ಒಂದು ಚೀಲದ ತುಂಬ ಪಟ್ಟಿ, ಕೊಂಡಿ, ತಿರುಪುಗಳನ್ನು ಉಚಿತವಾಗಿ ಕೊಟ್ಟಿದ್ದರು. ಕುತ್ತು ಬಂದದ್ದು ಆ ಚೀಲದಿಂದ.

ಹೋದ ಜನವರಿಯ ಮಾತು. ಮಗಳು ನೆಲದಿಂದ ಸುಮಾರು 20 ಮೀಟರ್ ಮೇಲೆ, ಹೊರಚಾಚಿದ ಒಂದು ಕಲ್ಲಿನ ಅಡಿಯಲ್ಲಿದ್ದಳು. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಪ್ಲಾಸ್ಟಿಕ್ ಗೂಟದಂತಹ ಕೊಂಡಿ, ಅದರ ತುದಿಗೆ ಕ್ಯಾಮೆರಾ. ಮುಂದಿನ ಹಿಡಿತ ಹುಡುಕಲು ತಲೆ ಎತ್ತಿದಳು. ‘ಟಕ್’ ಎಂಬ ಸದ್ದು ಟ್ರೈಪಾಡಿನ ಹಿಂದೆ ನಿಂತಿದ್ದ ನನಗೂ ಕೇಳಿಸಿತು. ಕೊಂಡಿ ಮುರಿದಿತ್ತು. ಕೆಳಗೆ ಹಗ್ಗ ಸುತ್ತುತ್ತ ಕುಳಿತಿದ್ದ ಹುಡುಗ ಬಿಸಿಲು ಎಂದು ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟಿದ್ದ. ಕ್ಯಾಮೆರಾ ಅವನಿಂದ ಒಂದು ಮೊಳ ದೂರದಲ್ಲಿ ಬಿದ್ದು ಪುಟಿಯಿತು. ಯಾರೂ ಕೂಗಲೂ ಇಲ್ಲ, ಅಷ್ಟು ಬೇಗ ಮುಗಿದಿತ್ತು. ರಾತ್ರಿ ರೈಲಿನಲ್ಲಿ ಮಗಳು ಲೆಕ್ಕ ಹಾಕಿ ತೋರಿಸಿದಳು: 20 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿರುತ್ತದೆ. ಹಿಟ್ಟಿನ ಗಿರಣಿಯಲ್ಲಿ ತಕ್ಕಡಿಗಿಡುವ ನೂರು ಗ್ರಾಮಿನ ಕಬ್ಬಿಣದ ತೂಕವನ್ನು ಆ ವೇಗದಲ್ಲಿ ತಲೆಗೆ ಎಸೆದಂತೆ ಎಂದು ನಾನು ಅಂದುಕೊಂಡೆ. ಆ ಹುಡುಗನ ಮನೆಗೆ ಫೋನ್ ಮಾಡಿ ಏನೆಂದು ಹೇಳಬೇಕಾಗಿತ್ತು?

ಅಂದಿನಿಂದ ಕೊಂಡಿಗಳ ಬಗ್ಗೆ ಓದತೊಡಗಿದೆ. ಆ್ಯಕ್ಷನ್ ಕ್ಯಾಮೆರಾ ಮಾಡುವ ಗೋಪ್ರೊ ಕಂಪನಿ ಕಟ್ಟಿದ ನಿಕ್ ವುಡ್‌ಮನ್ ಅಲೆಗಳ ಮೇಲೆ ಸರ್ಫಿಂಗ್ ಮಾಡುತ್ತಿದ್ದವರು. ಅವರು ಮೊದಲು ಮಾಡಹೊರಟದ್ದು ಕ್ಯಾಮೆರಾ ಅಲ್ಲ, ಇದ್ದ ಕ್ಯಾಮೆರಾವನ್ನು ಮಣಿಕಟ್ಟಿಗೆ ಬಿಗಿಯುವ ಪಟ್ಟಿ. ಪಟ್ಟಿಗೆ ಒಗ್ಗುವ ಕ್ಯಾಮೆರಾ ಸಿಗಲಿಲ್ಲವೆಂದು ಕ್ಯಾಮೆರಾಕ್ಕೆ ಕೈ ಹಾಕಿದರು. 2004ರಲ್ಲಿ ಬಂದ ಅವರ ಮೊದಲ ಹೀರೊ ಕ್ಯಾಮೆರಾ 35 ಎಂಎಂ ರೀಲಿನದು. ಪಟ್ಟಿ ಹಿರಿಯಕ್ಕ, ಕ್ಯಾಮೆರಾ ತಂಗಿ. ನಮ್ಮ ಅಂಗಡಿಗಳಲ್ಲಿ ತಂಗಿಯನ್ನು ಗಾಜಿನ ಕಪಾಟಿನಲ್ಲಿಟ್ಟು, ಅಕ್ಕನನ್ನು ಪುಕ್ಕಟೆ ಚೀಲಕ್ಕೆ ತುಂಬುತ್ತಾರೆ.

ಎಲ್ಲಿಗೆ ಕಟ್ಟಬೇಕು ಎಂಬುದಕ್ಕೆ ಬೈಕಿನವರ ಮಾತು ಬಂಡೆಗೆ ಹೊಂದುವುದಿಲ್ಲ. ಬೈಕಿನವರು ಎದೆಗೆ ಕಟ್ಟುತ್ತಾರೆ, ಅದು ಅವರಿಗೆ ಸರಿ. ಬಂಡೆ ಹತ್ತುವವರ ಎದೆ ಬಂಡೆಗೆ ಆತುಕೊಂಡೇ ಇರುತ್ತದೆ. ಎದೆಯ ಕ್ಯಾಮೆರಾ ತೋರಿಸುವುದು ಗೇಣು ದೂರದ ಕಲ್ಲು, ಅದರ ಮೇಲೆ ತನ್ನದೇ ನೆರಳು. ಮುಂದಾಗಿ ಹತ್ತುವವರು ಸೊಂಟದ ಗಂಟಿನಿಂದ ಹಗ್ಗ ಮೇಲೆಳೆದು ಬಂಡೆಗೆ ಹೊಡೆದ ಬೋಲ್ಟಿನ ಕೊಂಡಿಗೆ ಸೇರಿಸುವಾಗ ಆ ಹಗ್ಗ ಎದೆಯ ಮುಂದೆಯೇ ಹಾಯುತ್ತದೆ. ಅಲ್ಲೊಂದು ಮುಂಚಾಚಿದ ಗೂಟ ಇರಬಾರದು. ಮಣಿಕಟ್ಟಿಗೆ ಕಟ್ಟಿದರೆ ನೋಡುವವರಿಗೆ ತಲೆಸುತ್ತು. ಬಾಯಲ್ಲಿ ಕಚ್ಚಿಕೊಳ್ಳುವ ಕೊಂಡಿಯೂ ಉಂಟು, ಸರ್ಫಿಂಗಿನವರಿಗೆ ಅದು ಒಳ್ಳೆಯದೇ. ಆದರೆ ಬಂಡೆಯ ಮೇಲಿರುವವರು ‘ಹಗ್ಗ ಸಡಿಲಿಸು’, ‘ಬಿಗಿ ಹಿಡಿ’ ಎಂದು ಕೂಗಬೇಕಾದ ಬಾಯಿ ಅದು.

ಉಳಿದದ್ದು ತಲೆ. ತಲೆಯ ಮೇಲೂ ನೆತ್ತಿ ಬೇಡ, ನಮಗಾದ ಪಾಠ ಅದೇ. ಹಣೆಯ ಮುಂದೆ ಅಥವಾ ಕಿವಿಯ ಮೇಲ್ಭಾಗದಲ್ಲಿ, ಹೆಲ್ಮೆಟ್ಟಿಗೆ ಅಂಟಿಕೊಂಡಂತೆ, ಎಷ್ಟು ತಗ್ಗಿನಲ್ಲಿ ಕೂರುತ್ತದೋ ಅಷ್ಟು ಒಳ್ಳೆಯದು. ಹೆಲ್ಮೆಟ್ಟಿಗೆ ತೂತು ಕೊರೆಯುವವರನ್ನು ನೋಡಿದ್ದೇನೆ. ಅವರಿಗೆ ಹೆಲ್ಮೆಟ್ ಏಕೆ ಬೇಕೋ ತಿಳಿಯದು. ಅಂಟುಪಟ್ಟಿ ಹಚ್ಚುವ ಮೊದಲೂ ಹೆಲ್ಮೆಟ್ಟಿನ ಕೈಪಿಡಿ ಓದಬೇಕು, ಕೆಲವು ಅಂಟುಗಳು ಅದರ ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಇನ್ನೊಂದು ಮಾತು. ಬಂಡೆ ಹತ್ತುವ ಹೆಲ್ಮೆಟ್ಟಿನ ಗದ್ದದ ಪಟ್ಟಿ ಸುಲಭವಾಗಿ ಕಳಚದಂತೆ ಮಾಡಿರುತ್ತಾರೆ. ಕ್ಯಾಮೆರಾ ಬಿರುಕಿನಲ್ಲಿ ಸಿಕ್ಕಿಕೊಂಡು ಕೊಂಡಿಯೂ ಬಿಡದೆ ಹೋದರೆ ತಿರುಚಿಕೊಳ್ಳುವುದು ಕತ್ತು. ಹಾಗಾಗಿ ಕೊಂಡಿ ಬಲವಾಗಿ ಎಳೆದರೆ ಕಳಚಬೇಕು, ಕಳಚಿದರೂ ಕ್ಯಾಮೆರಾ ಕೆಳಗೆ ಬೀಳಬಾರದು. ಇದಕ್ಕೆ ಬೇಕಾದದ್ದು ಬೆರಳುದ್ದದ ಒಂದು ಗಟ್ಟಿ ದಾರ. ನಿಮ್ಮ ಏಳು ಕ್ಯಾಮೆರಾಗಳಲ್ಲಿ ದಾರ ಪೋಣಿಸಲು ತೂತು ಯಾವುದಕ್ಕಿದೆ ಎಂದು ಬರೆದಿದ್ದರೆ ಆ ಪುಟವನ್ನು ನಾನೂ ಕತ್ತರಿಸಿಟ್ಟುಕೊಳ್ಳುತ್ತಿದ್ದೆ.

ತೂಕದ ವಿಷಯಕ್ಕೆ ಬರುತ್ತೇನೆ. ಗೋಪ್ರೊ ಹೀರೊ 12 ತೂಗುವುದು 154 ಗ್ರಾಂ. ಮೇಜಿನ ಮೇಲೆ ಅದೇನೂ ಭಾರವಲ್ಲ. ಹಣೆಗೆ ಕಟ್ಟಿಕೊಂಡು ಇಪ್ಪತ್ತು ನಿಮಿಷ ಮೇಲೆ ನೋಡುತ್ತ ನಿಂತರೆ ಗೊತ್ತಾಗುತ್ತದೆ. ಮದುವೆ ಮಂಟಪದಲ್ಲಿ ಭಾರದ ಕ್ಯಾಮೆರಾ ಹೊತ್ತ ಹೆಗಲಿನ ಮಾತು ಇದು. ಇನ್‌ಸ್ಟಾ360 ಕಂಪನಿಯ ಗೋ 3 ಎಂಬುದು ಕೇವಲ 35 ಗ್ರಾಂ, ಹೆಬ್ಬೆರಳಿನ ಗಾತ್ರ. ಅದರ ಚಿತ್ರ 4ಕೆ ಅಲ್ಲ, 2.7ಕೆ. ನೆರಳಿನಲ್ಲಿ ಚಿತ್ರಕ್ಕೆ ಕಾಳು ಕಾಳು ಬರುತ್ತದೆ, ಒಂದು ಚಾರ್ಜಿಗೆ ಮುಕ್ಕಾಲು ಗಂಟೆ ಓಡಿದರೆ ಹೆಚ್ಚು. ಕೋಷ್ಟಕದ ಲೆಕ್ಕದಲ್ಲಿ ಅದು ಸೋತ ಕುದುರೆ. ನಾವು ಕೊಂಡದ್ದು ಅದನ್ನೇ, ಅದೂ ಯಾರೋ ಬಳಸಿದ್ದನ್ನು. ಅದು ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಕ್ಯಾಮೆರಾ, ಮರಳುಗಲ್ಲಿಗೆ ಉಜ್ಜಿದರೆ ಕಿತ್ತು ಬರಬಹುದು. ಬೆಟಗೇರಿಯಲ್ಲಿ ಚಪ್ಪಲಿ ಹೊಲಿಯುವ ನನ್ನ ಗೆಳೆಯನೊಬ್ಬ ಅದಕ್ಕೊಂದು ಚರ್ಮದ ಗವಸು ಹೊಲಿದುಕೊಟ್ಟ. ಕಣ್ಣಿಗೊಂದು ಕಿಂಡಿ, ಗುಂಡಿಗೊಂದು ಕಿಂಡಿ, ಹಿಂದೆ ಮೇಣ ಸವರಿದ ಎರಡೆಳೆ ದಾರ. ‘ದನದ ಕೊರಳಿಗೆ ಗಂಟೆ ಕಟ್ಟಿದಷ್ಟು ಗಟ್ಟಿ’ ಎಂದ. ಎಳೆದು ನೋಡಿದೆ, ನಿಜ.

ಕ್ಯಾಮೆರಾದ ಕಣ್ಣಿನ ಗಾಜಿನ ಬಗ್ಗೆಯೂ ಒಂದು ಮಾತು. ಬಾದಾಮಿಯದು ಮರಳುಗಲ್ಲು, ಅದರ ಹರಳು ಗಾಜಿಗಿಂತ ಗಟ್ಟಿ. ಒಮ್ಮೆ ಸವರಿದರೆ ಗೀರು. ಮುಂದಿನ ಗಾಜನ್ನು ಕಳಚಿ ಬದಲಿಸುವಂತಿದ್ದರೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಿಡಿತ ಜಾರದಿರಲೆಂದು ಸವರಿಕೊಂಡ ಚಾಕ್ ಪುಡಿ ಹತ್ತಿದ ಬೆರಳಿಗೆ ಮುಟ್ಟುವ ಪರದೆ ಸ್ಪಂದಿಸುವುದಿಲ್ಲ, ಒತ್ತುವ ದೊಡ್ಡ ಗುಂಡಿಯೇ ಬೇಕು. ಬಾಯಿಮಾತಿನ ಅಪ್ಪಣೆಗೆ ಓಡುವ ಕ್ಯಾಮೆರಾಗಳೂ ಇವೆ. ನನ್ನ ಮಗಳು ಬಂಡೆಯ ಮೇಲಿನಿಂದ ಕ್ಯಾಮೆರಾಕ್ಕೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟರೆ ಕೆಳಗೆ ಹಗ್ಗ ಹಿಡಿದವನು ತನಗೇನೋ ಹೇಳಿದಳೆಂದು ಕತ್ತೆತ್ತುತ್ತಾನೆ. ಆ ಸೌಲಭ್ಯವನ್ನು ಮೊದಲ ದಿನವೇ ಬಂದ್ ಮಾಡಿದೆವು.

ಚಿತ್ರದ ಗುಣದ ಬಗ್ಗೆ ಕಸುಬಿನವನಾಗಿ ಹೇಳಬೇಕಾದದ್ದು ಬಹಳವಿದೆ, ಎರಡೇ ಹೇಳುತ್ತೇನೆ. ಅತಿ ಅಗಲದ ನೋಟ ಇಟ್ಟರೆ ಕೈಗಳು ರೊಟ್ಟಿಯಷ್ಟು ದೊಡ್ಡದಾಗಿ, ನೆಟ್ಟಗಿನ ಬಂಡೆ ನಮ್ಮ ಓಣಿಯ ಇಳಿಜಾರಿನಷ್ಟು ಸಪ್ಪೆಯಾಗಿ ಕಾಣುತ್ತದೆ. ಅಷ್ಟು ಕಷ್ಟಪಟ್ಟು ಹತ್ತಿದ್ದನ್ನು ನೋಡಿ ನನ್ನ ಹೆಂಡತಿ ‘ಇಷ್ಟೇನಾ?’ ಎಂದಳು. ಅಗಲ ಕಡಿಮೆ ಮಾಡಿದರೆ ಎತ್ತರ ಬರುತ್ತದೆ. ಎರಡನೆಯದು ಬಣ್ಣ. ಕ್ಯಾಮೆರಾ ತಾನೇ ಬಣ್ಣ ನಿರ್ಧರಿಸಲು ಬಿಟ್ಟರೆ ಸುತ್ತಲಿನ ಕೆಂಪನ್ನೆಲ್ಲ ತಪ್ಪೆಂದು ತಿಳಿದು ತಿದ್ದುತ್ತದೆ, ಬಾದಾಮಿ ಬೂದಿಯಾಗುತ್ತದೆ. ಬಿಸಿಲಿನಲ್ಲಿ ಬಣ್ಣದ ಅಳತೆಯನ್ನು (ವೈಟ್ ಬ್ಯಾಲೆನ್ಸ್) 5500 ಕೆಲ್ವಿನ್‌ಗೆ ನಿಲ್ಲಿಸಿ ಬೀಗ ಹಾಕಿ. ಅರಿಶಿಣದ ಶಾಸ್ತ್ರದ ದಿನ ನಾವು ಮಾಡುವುದೂ ಹೀಗೆಯೇ, ಇಲ್ಲದಿದ್ದರೆ ಮದುಮಗನ ಮುಖ ನೀಲಿ.

ಮೆಮೊರಿ ಕಾರ್ಡ್: ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ವಿಡಿಯೊ ತೆಗೆದರೆ ಗಂಟೆಗೆ 45 ಜಿಬಿ ತುಂಬುತ್ತದೆ. ಬಿಸಿ: ಏಪ್ರಿಲಿನ ಬಿಸಿಲಿನಲ್ಲಿ ಗಾಳಿ ಆಡದೆ ನಿಂತ ಕ್ಯಾಮೆರಾ ತಾನಾಗಿ ಆರುತ್ತದೆ, ಆ ಬಿಸಿಲಿನಲ್ಲಿ ಹತ್ತುವವರೂ ಆರುತ್ತಾರೆ. ಮಂಗಗಳು: ಬಾದಾಮಿಗೆ ಹೋದವರಿಗೆ ಹೇಳಬೇಕಿಲ್ಲ. ಕ್ಯಾಮೆರಾದ ಚೀಲದಲ್ಲಿ ಬಾಳೆಹಣ್ಣು ಇಡಬೇಡಿ. ಕ್ಯಾಮೆರಾವನ್ನು ಬಂಡೆಗೇ ಅಂಟಿಸುವ ಉಪಾಯ ಯಾರಿಗಾದರೂ ಹೊಳೆದರೆ, ಅದು ಚಾಲುಕ್ಯರ ಒಂದನೇ ಪುಲಕೇಶಿ ಕ್ರಿ.ಶ. 543ರಲ್ಲಿ ಬಂಡೆಯ ಮೇಲೆ ಶಾಸನ ಬರೆಸಿದ ಊರು ಎಂಬುದು ನೆನಪಿರಲಿ.

ನನಗೆ ನಿಜವಾಗಿ ಸಿಟ್ಟು ಬರುವ ಸಂಗತಿ ಬೇರೆ. ಕೆಳಗೆ ಹಗ್ಗ ಹಿಡಿದು ನಿಂತವರು ಒಂದು ಕೈಯಲ್ಲಿ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ. ಇದನ್ನು ನನ್ನ ಕಣ್ಣಾರೆ ಮೂರು ಬಾರಿ ಕಂಡಿದ್ದೇನೆ. ಮೇಲಿರುವವರ ಜೀವ ಆ ಕೈಯಲ್ಲಿದೆ. ಒಬ್ಬನಿಗೆ ‘ತಮ್ಮಾ, ಎರಡೂ ಕೈ ಹಗ್ಗದ ಮೇಲಿರಲಿ, ವಿಡಿಯೊ ನಾನು ಮಾಡಿಕೊಡುತ್ತೇನೆ, ದುಡ್ಡು ಕೇಳುವುದಿಲ್ಲ’ ಎಂದೆ. ನಕ್ಕು ಮೊಬೈಲನ್ನು ಕಿಸೆಗೆ ಹಾಕಿದ. ಹತ್ತುವವರ ತಲೆಗೆ ಚಿಕ್ಕದೊಂದು ಕ್ಯಾಮೆರಾ ಇರಲಿ ಎಂದು ನಾನು ಒಪ್ಪುವುದು ಮುಖ್ಯವಾಗಿ ಈ ಕಾರಣಕ್ಕೆ: ಆಗ ಹಗ್ಗದವರಿಗೆ ಚಿತ್ರದ ಚಿಂತೆ ಇರುವುದಿಲ್ಲ. ಇಡೀ ಬಂಡೆ, ಅದರ ಮೇಲೆ ಇರುವೆಯಂತೆ ಮನುಷ್ಯ ಕಾಣಬೇಕೆಂದರೆ ಎದುರಿನ ದಿಬ್ಬದಲ್ಲಿ ಟ್ರೈಪಾಡ್ ಇಟ್ಟು ಮೂರನೆಯವರೊಬ್ಬರು ಕೂರಬೇಕು. ಹೆಲ್ಮೆಟ್ಟಿನ ಕ್ಯಾಮೆರಾ ತರುವುದು ಬೇರೆ: ಬೆರಳ ತುದಿ ಅಂಚನ್ನು ತಡವುವುದು, ಚಾಕ್ ಪುಡಿ ಉದುರುವುದು, ಒಂದು ಬೋಲ್ಟ್ ದಾಟಿದ ಮೇಲಿನ ನಿಟ್ಟುಸಿರು. ಮಗಳು ಅಷ್ಟು ಜೋರಾಗಿ ಉಸಿರಾಡುತ್ತಾಳೆಂದು ನನಗೆ ಗೊತ್ತಾದದ್ದು ಎಡಿಟಿಂಗ್ ಮಾಡುವಾಗ. ಅದಕ್ಕೆ ಹಿನ್ನೆಲೆ ಸಂಗೀತ ಹಾಕಲು ಅವಳು ಹೇಳಿದಳು, ನಾನು ಹಾಕಲಿಲ್ಲ.

ಮುಂದಿನ ಬಾರಿ ಪಟ್ಟಿ ಮಾಡುವಾಗ ತೂಕ, ಕಟ್ಟುವ ಜಾಗ, ದಾರದ ತೂತು ಎಂಬ ಮೂರು ಕಾಲಂ ಸೇರಿಸಬೇಕೆಂದು ವಿನಂತಿ. ಜಾಗ ಸಾಲದಿದ್ದರೆ ಮೆಗಾಪಿಕ್ಸೆಲ್ ಕಾಲಂ ತೆಗೆಯಿರಿ.

ಅಂದು ಬಿದ್ದ ಕ್ಯಾಮೆರಾ ನನ್ನ ಸ್ಟುಡಿಯೊದ ಕಪಾಟಿನಲ್ಲಿದೆ. ಗಾಜು ಒಡೆದಿತ್ತು, ಆದರೆ ನಾನು ಹೋಗಿ ಗುಂಡಿ ಒತ್ತುವವರೆಗೂ ಅದು ಚಿತ್ರ ತೆಗೆಯುತ್ತಲೇ ಇತ್ತು. ಕೊನೆಯ ತುಣುಕಿನಲ್ಲಿ ಬಂಡೆ, ಆಕಾಶ, ಬಂಡೆ, ಆಕಾಶ, ಆಮೇಲೆ ಧೂಳು. ಧೂಳಿನ ಪಕ್ಕದಲ್ಲಿ ಆ ಹುಡುಗನ ಬರಿಗಾಲು, ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಮಂಗಳವಾರ ಬಂದ ಇಬ್ಬರಿಗೂ ಮೊದಲು ಅದನ್ನೇ ತೋರಿಸಿದೆ. ಯಾವ ಕ್ಯಾಮೆರಾ ಎಂಬ ಮಾತಿಗೆ ಆಮೇಲೆ ಕುಳಿತೆವು.

ಇತಿ ನಿಮ್ಮ ಓದುಗ,
ಒಬ್ಬ ಮದುವೆ ವಿಡಿಯೊಗ್ರಾಫರ್
ಬೆಟಗೇರಿ, ಗದಗ