ಜಲಾನಯನದ ದರ್ಜೆಗೆ ಸರಾಸರಿ ಸಾಲದು

ಮಾನ್ಯ ಸಂಪಾದಕರೇ,

ನದಿಯ ಆರೋಗ್ಯವನ್ನು ಅಳೆದು, ಇಡೀ ಜಲಾನಯನ ಪ್ರದೇಶಕ್ಕೆ ಶಾಲಾ ಅಂಕಪಟ್ಟಿಯಂತೆ ‘ಎ’, ‘ಬಿ’, ‘ಸಿ’ ಎಂದು ದರ್ಜೆ ಕೊಟ್ಟು ಪ್ರಕಟಿಸುವ ಪರಿಪಾಠ ಅಮೆರಿಕದ ಚೆಸಾಪೀಕ್ ಕೊಲ್ಲಿಯೂ ಸೇರಿ ಹಲವೆಡೆ ಬೇರೂರಿದೆ. ಪ್ರಯೋಗಾಲಯದ ಅಂಕಿಅಂಶಗಳು ಜನಸಾಮಾನ್ಯರಿಗೂ ಅರ್ಥವಾಗುವುದರಿಂದ ಈ ಕ್ರಮ ಸ್ವಾಗತಾರ್ಹವೇ. ನನ್ನ ತಕರಾರಿರುವುದು ಆ ಒಂದಕ್ಷರ ಹುಟ್ಟುವ ಲೆಕ್ಕಾಚಾರದ ಬಗ್ಗೆ.

1970ರಲ್ಲಿ ಅಮೆರಿಕದ ನ್ಯಾಷನಲ್ ಸ್ಯಾನಿಟೇಷನ್ ಫೌಂಡೇಷನ್ನಿನ ಆಶ್ರಯದಲ್ಲಿ ರೂಪುಗೊಂಡ ನೀರಿನ ಗುಣಮಟ್ಟದ ಸೂಚ್ಯಂಕವು ಕರಗಿದ ಆಮ್ಲಜನಕ, ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ನೈಟ್ರೇಟ್ ಮೊದಲಾದ 9 ಅಂಶಗಳಿಗೆ ಬೇರೆಬೇರೆ ತೂಕ ಕೊಟ್ಟು, ಕೂಡಿಸಿ, 0ಯಿಂದ 100ರೊಳಗಿನ ಒಂದೇ ಸಂಖ್ಯೆಗೆ ತಂದಿತು. ಹೀಗೆ ಕೂಡಿಸಿದಾಗ 8 ಅಂಶಗಳು ಚೆನ್ನಾಗಿದ್ದು ಒಂದು ಪೂರ್ತಿ ಹದಗೆಟ್ಟಿದ್ದರೂ ಒಟ್ಟು ಅಂಕಕ್ಕೆ ಅಷ್ಟೇನೂ ಪೆಟ್ಟು ಬೀಳುವುದಿಲ್ಲ. ಆಮ್ಲಜನಕ ತಳಕಂಡ ನೀರಿನಲ್ಲಿ ಉಳಿದ ಅಂಶಗಳೆಲ್ಲ ಸರಿಯಿದ್ದರೂ ಮೀನು ಸಾಯುತ್ತದೆ. ಐರೋಪ್ಯ ಒಕ್ಕೂಟ 2000ದಲ್ಲಿ ಹೊರಡಿಸಿದ ಜಲ ನಿರ್ದೇಶನವು ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಪರಿಸರ ಸ್ಥಿತಿಯನ್ನು 5 ದರ್ಜೆಗಳಾಗಿ ವಿಂಗಡಿಸಿ, ಅತ್ಯಂತ ಕಳಪೆಯಾದ ಅಂಶದ ದರ್ಜೆಯನ್ನೇ ಒಟ್ಟು ದರ್ಜೆಯೆಂದು ಪರಿಗಣಿಸುತ್ತದೆ. ಇದರಿಂದ ಸಣ್ಣಪುಟ್ಟ ಸುಧಾರಣೆಗಳು ಲೆಕ್ಕಕ್ಕೆ ಬಾರದೆ ಹೋಗುತ್ತವೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸುವುದಾದರೆ ನನ್ನ ಒಲವು ಈ ಕಟ್ಟುನಿಟ್ಟಿನ ಕಡೆಗೇ.

ಮಾದರಿ ತೆಗೆಯುವ ಹೊತ್ತೂ ಮುಖ್ಯ. ಪಾಚಿಗಟ್ಟಿದ ನೀರಿನಲ್ಲಿ ಹಗಲೆಲ್ಲ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಏರುತ್ತದೆ, ರಾತ್ರಿ ಅದೇ ಪಾಚಿಯ ಉಸಿರಾಟದಿಂದ ಇಳಿಯುತ್ತಾ ನಸುಕಿನಲ್ಲಿ ಕನಿಷ್ಠಕ್ಕೆ ಮುಟ್ಟುತ್ತದೆ. ಸಿಬ್ಬಂದಿ ಕಚೇರಿಯ ವೇಳೆಯಲ್ಲಿ ಬಂದು ಮಧ್ಯಾಹ್ನ ಸೀಸೆ ತುಂಬಿಕೊಂಡು ಹೋದರೆ (ಬಹುತೇಕ ನಡೆಯುವುದೇ ಹೀಗೆ) ರೋಗಿಷ್ಠ ನದಿಗೂ ಒಳ್ಳೆಯ ಅಂಕ ಸಿಗುತ್ತದೆ. ಮಣ್ಣು ಮತ್ತು ರಂಜಕದ ಬಹುಪಾಲು ಹರಿದು ಬರುವುದು ಜೋರು ಮಳೆಯ ಕೆಲವೇ ಗಂಟೆಗಳಲ್ಲಿ. ತಿಂಗಳಿಗೊಮ್ಮೆ ತೆಗೆಯುವ ಮಾದರಿ ಆ ಗಂಟೆಗಳನ್ನು ಹಿಡಿಯುವುದು ಅಪರೂಪ.

ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಜೀವಿಗಳ ಸಮೀಕ್ಷೆ. ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್ 1981ರಲ್ಲಿ ಮೀನುಗಳ ವೈವಿಧ್ಯ ಮತ್ತು ಸ್ಥಿತಿಗತಿಯನ್ನು ಆಧರಿಸಿದ ಸೂಚ್ಯಂಕವನ್ನು ಮುಂದಿಟ್ಟರು. ಹೊಳೆಯ ಕಲ್ಲೊಂದನ್ನು ಮಗುಚಿದಾಗ ಅದರಡಿಯಲ್ಲಿ ಮಾಲಿನ್ಯ ತಾಳದ ಮೇಫ್ಲೈ, ಸ್ಟೋನ್‌ಫ್ಲೈ ಕೀಟಗಳ ಮರಿಹುಳುಗಳು ಅಂಟಿಕೊಂಡಿದ್ದರೆ ಅಲ್ಲಿನ ನೀರು ಅನೇಕ ವಾರಗಳಿಂದ ಸಹನೀಯವಾಗಿದೆ ಎಂದರ್ಥ. ಅವು ಕಣ್ಮರೆಯಾಗಿ, ಆಮ್ಲಜನಕ ಕಡಿಮೆಯಿದ್ದರೂ ಬದುಕುವ ಕೆಂಪು ಹುಳುಗಳಷ್ಟೇ ಮಿಜಿಗುಡುತ್ತಿದ್ದರೆ ಮಧ್ಯಾಹ್ನದ ಸೀಸೆಯ ಫಲಿತಾಂಶವನ್ನು ಅನುಮಾನಿಸಲೇಬೇಕು.

ಇಷ್ಟಾಗಿಯೂ ಇದೆಲ್ಲ ನೀರಿನ ಪರೀಕ್ಷೆಯೇ ಹೊರತು ಜಲಾನಯನದ್ದಲ್ಲ. ದಂಡೆಯ ಗಿಡಮರ, ಕಾಂಕ್ರೀಟಿನಡಿ ಸೇರಿದ ನೆಲ, ಅಣೆಕಟ್ಟಿನ ಕೆಳಗೆ ಉಳಿದ ಹರಿವು ಇವೂ ಅಂಕಪಟ್ಟಿಯಲ್ಲಿ ಇರಬೇಕು. ದರ್ಜೆ ಪ್ರಕಟಿಸುವವರು ಅದರ ಪಕ್ಕದಲ್ಲೇ ಅತಿ ಕಡಿಮೆ ಅಂಕ ಪಡೆದ ಅಂಶ ಯಾವುದು, ಮಾದರಿಯನ್ನು ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆಯಲಾಯಿತು ಎಂಬುದನ್ನೂ ಕಡ್ಡಾಯವಾಗಿ ಮುದ್ರಿಸಲಿ ಮತ್ತು ಅಂತಹ ವರದಿಗಳನ್ನು ಪ್ರಕಟಿಸುವಾಗ ತಮ್ಮ ಪತ್ರಿಕೆಯೂ ಈ ವಿವರಗಳನ್ನು ಕೇಳಿ ಪಡೆಯಲಿ ಎಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ