ಈ ವಾರ ಪೋರ್ಚುಗಲ್ ಹಾಡುಗಳು

ಎಲ್ಲರಿಗೂ ನಮಸ್ಕಾರ. ಈ ವಾರ ಯೂರೋಪಿನ ದೇಶಗಳು ಪ್ರತಿವರ್ಷ ಹಾಡಿನಲ್ಲಿ ಪೈಪೋಟಿ ನಡೆಸುವ ಯೂರೋವಿಷನ್ ಸ್ಪರ್ಧೆಯ ಪೋರ್ಚುಗಲ್ ಹಾಡುಗಳನ್ನು ಕೇಳೋಣ. 1964ರಲ್ಲಿ ಮೊದಲ ಸಲ ಹಾಡಿದಾಗ ಈ ದೇಶಕ್ಕೆ ಒಂದು ಅಂಕವೂ ಸಿಗಲಿಲ್ಲ. ಆಮೇಲೆ ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಗೆಲುವೇ ಇಲ್ಲ; 1996ರ ಆರನೇ ಸ್ಥಾನವೇ ದೊಡ್ಡದು. ಕೊನೆಗೆ 2017ರಲ್ಲಿ, ಕೀವ್‌ನಲ್ಲಿ, ಸಾಲ್ವಡಾರ್ ಸೋಬ್ರಾಲ್ ಗೆದ್ದರು. 758 ಅಂಕ! ಹಾಡು ಬರೆದವರು ಅವರ ಅಕ್ಕ ಲುಯಿಸಾ. ತಮ್ಮನಿಗೆ ಹೃದಯದ ಕಾಯಿಲೆ ಇದ್ದುದರಿಂದ ಮೊದಲ ತಾಲೀಮುಗಳಲ್ಲಿ ಅವರೇ ನಿಂತು ಹಾಡಿದ್ದರು. ವೇದಿಕೆಯಲ್ಲಿ ಕುಣಿತವಿಲ್ಲ, ಬೆಂಕಿಯಿಲ್ಲ, ಬರೀ ದನಿ. ಗೆದ್ದ ಮೇಲೆ ಅಕ್ಕ, ತಮ್ಮ ಸೇರಿ ಹಾಡಿದ್ದು ನನಗಂತೂ ಇನ್ನೂ ಇಷ್ಟ, ತಪ್ಪದೆ ನೋಡಿ. ಮರುವರ್ಷ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲೇ ಸ್ಪರ್ಧೆ, ಆದರೆ ಫೈನಲ್‌ನಲ್ಲಿ ಈ ದೇಶಕ್ಕೆ ಕೊನೆಯ ಸ್ಥಾನ. ಆ ಹಾಡೂ ಚೆನ್ನಾಗಿದೆ, ಬಿಡಬೇಡಿ. ಲಿಂಕ್‌ಗಳನ್ನು ಸಂಜೆ ಹಾಕುತ್ತೇನೆ. ಭಾನುವಾರದೊಳಗೆ ನಿಮ್ಮ ಅನಿಸಿಕೆ ಬರೆಯಿರಿ.