ರೆಡ್‌ಫಿಶ್ ಸರೋವರದ ಕೆಂಪು ಮೀನು

ಪ್ರೀತಿಯ ಗಿರಿ,

ಹೋದ ವಾರ ಇಲ್ಲಿ ಅಮೆರಿಕದ ಐಡಾಹೋ ರಾಜ್ಯದ ರೆಡ್‌ಫಿಶ್ ಸರೋವರಕ್ಕೆ ಹೋಗಿ ಬಂದೆವು. ಫೋನಿನಲ್ಲಿ ಹೇಳಿದ್ದು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಬರೆದುಬಿಡೋಣ ಅನ್ನಿಸಿತು.

ಬಾಯ್ಸಿಯಿಂದ 21ನೇ ಹೆದ್ದಾರಿ ಹಿಡಿದರೆ ಸ್ಟ್ಯಾನ್ಲಿ ಊರಿಗೆ ಸುಮಾರು 210 ಕಿಲೋಮೀಟರ್. ಐಡಾಹೋ ಸಿಟಿ ದಾಟಿದ ಮೇಲೆ ಬರೀ ತಿರುವು, ಬರೀ ಪೈನ್ ಕಾಡು. ಕಾಡ್ಗಿಚ್ಚಿಗೆ ಸುಟ್ಟು ಕರಿದಾಗಿ ನಿಂತ ಮರಗಳೂ ಜಾಸ್ತಿ. ಮಗಳಿಗೆ ತಲೆ ಸುತ್ತಿ ಅಲ್ಲಲ್ಲಿ ಕಾರು ನಿಲ್ಲಿಸಿದೆವು. ಬ್ಯಾನರ್ ಸಮಿಟ್ ಅನ್ನೋ ಘಟ್ಟ ಹತ್ತಿ ಇಳಿದರೆ ಸಾಟೂತ್ ಬೆಟ್ಟಸಾಲು ಕಣ್ಣೆದುರಿಗೆ.

ಸರೋವರಕ್ಕೆ ಸೇರುವ ಫಿಶ್‌ಹುಕ್ ಅನ್ನೋ ತೊರೆಯ ಪಕ್ಕ ಹಲಗೆ ಹಾಸಿದ ಕಾಲುದಾರಿ ಇದೆ. ಅಲ್ಲಿಂದ ಬಗ್ಗಿ ನೋಡಿದರೆ ಮೀನೇ ಮೀನು. ಮೈಯೆಲ್ಲ ಕೆಂಪು, ತಲೆ ಹಸಿರು. ಗಂಡಿನ ಬೆನ್ನು ಉಬ್ಬಿ, ದವಡೆ ಕೊಕ್ಕೆಯಾಗಿ ಬಾಗಿರುತ್ತದೆ. ಹೆಣ್ಣು ಮಗ್ಗುಲಾಗಿ ಬಾಲ ಬಡಿದು ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತದೆ. ಮೊಟ್ಟೆ ಇಟ್ಟ ಮೇಲೆ ಸ್ವಲ್ಪ ಮುಂದಕ್ಕೆ ಹೋಗಿ ಮತ್ತೆ ಬಾಲ ಬಡಿಯುತ್ತದೆ. ಅಲ್ಲಿ ಎದ್ದ ಜಲ್ಲಿ ಕೆಳಗೆ ಹರಿದು ಬಂದು ಮೊಟ್ಟೆಯನ್ನು ಮುಚ್ಚುತ್ತದೆ. ಆಮೇಲೆ ಕೆಲವೇ ದಿನ, ಗಂಡು ಹೆಣ್ಣು ಎರಡೂ ಸಾಯುತ್ತವೆ. ದಡದಲ್ಲಿ ಸತ್ತು ಬಿದ್ದವುಗಳ ನಾತವೂ ಇತ್ತು. ಮಗಳು ಮೂಗು ಮುಚ್ಚಿಕೊಂಡೇ ನೋಡುತ್ತಾ ನಿಂತಳು, ಕರೆದರೂ ಬರಲಿಲ್ಲ.

ಮೊದಲ ಮಳೆಗೆ ನಮ್ಮ ಗದ್ದೆಗೆ ಹತ್ತುಮೀನು ಏರಿ ಬರುತ್ತಿತ್ತಲ್ಲ, ಟಾರ್ಚ್ ಹಿಡಿದು ನಿಮ್ಮ ದೊಡ್ಡಪ್ಪನ ಹಿಂದೆ ಓಡುತ್ತಿದ್ದೆವಲ್ಲ, ಆ ಮೀನುಗಳ ಅವಸರವೇ ಇಲ್ಲಿಯೂ ಕಂಡಿತು.

ಆದರೆ ಗಿರಿ, ನಾವು ನೋಡಿದ್ದು ಕೊಕನಿ. ಸಮುದ್ರ ನೋಡದೆ ಸರೋವರದಲ್ಲೇ ಬೆಳೆಯುವ ಮೀನು. ಅದೇ ಜಾತಿಯದು ಸಾಕೈ, ಅದು ಸಮುದ್ರಕ್ಕೆ ಹೋಗಿ ಬರುತ್ತದೆ. ಪೆಸಿಫಿಕ್‌ನಿಂದ ಕೊಲಂಬಿಯಾ, ಸ್ನೇಕ್, ಸಾಮನ್ ನದಿಗಳನ್ನು ಹತ್ತಿ ಸುಮಾರು 1,450 ಕಿಲೋಮೀಟರ್ ಈಜಬೇಕು. ಸರೋವರ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಸಿಹಿನೀರಿಗೆ ಬಂದ ಮೇಲೆ ಅದು ಏನೂ ತಿನ್ನುವುದಿಲ್ಲ. ಮೈಯಲ್ಲಿರುವ ಕೊಬ್ಬೇ ಬುತ್ತಿ. ಮಾಂಸದಲ್ಲಿದ್ದ ಕೆಂಪು ಬಣ್ಣ ಚರ್ಮಕ್ಕೆ ಬರುತ್ತದೆ. ಹುಟ್ಟಿದ ನೀರಿನ ವಾಸನೆ ಹಿಡಿದು ಜಾಗ ಹುಡುಕುತ್ತದೆ.

ದಾರಿಯಲ್ಲಿ 8 ಅಣೆಕಟ್ಟು. ಹತ್ತಲು ಮೀನಿಗೆ ಮೆಟ್ಟಿಲು ಕಟ್ಟಿದ್ದಾರೆ, ನಿಜ. ಕಷ್ಟ ಇರುವುದು ಸಮುದ್ರಕ್ಕೆ ಇಳಿಯುವ ಮರಿಗಳಿಗೆ. ನಿಂತ ನೀರಿನಲ್ಲಿ ದಿನಗಟ್ಟಲೆ ತಡವಾಗುತ್ತದೆ, ಟರ್ಬೈನ್‌ಗೆ ಸಿಕ್ಕಿ ಸಾಯುವವೂ ಇವೆ. ಶೋಶೋನಿ-ಬ್ಯಾನಕ್ ಬುಡಕಟ್ಟಿನವರು ಅರ್ಜಿ ಹಾಕಿದ ಮೇಲೆ, 1991ರಲ್ಲಿ ಸರ್ಕಾರ ಇಲ್ಲಿಯ ಸಾಕೈಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. 1992ರಲ್ಲಿ ಈ ಸರೋವರಕ್ಕೆ ವಾಪಸ್ ಬಂದದ್ದು ಒಂದೇ ಒಂದು ಗಂಡು. ಲೋನ್ಸಮ್ ಲ್ಯಾರಿ ಅಂತ ಜನ ಹೆಸರಿಟ್ಟರು. ಅದರ ವೀರ್ಯವನ್ನು ಹೆಪ್ಪುಗಟ್ಟಿಸಿ ಇಟ್ಟುಕೊಂಡರು. 1991ರಿಂದ 1998ರವರೆಗೆ ಬಂದ ಕಾಡು ಮೀನು ಒಟ್ಟು 16. ಅವನ್ನೇ ಸಾಕಿ, ಮರಿ ಮಾಡಿಸಿ, ನೀರಿಗೆ ಬಿಟ್ಟು ಈ ಸಂತತಿಯನ್ನು ಉಳಿಸಿದ್ದಾರೆ. ಎಂಥ ತಾಳ್ಮೆ ಬೇಕು, ಅಲ್ವಾ? ಆಮೇಲೂ ಸುಖವಿಲ್ಲ. 2015ರ ಬೇಸಿಗೆಯಲ್ಲಿ ನದಿ ನೀರು ಬಿಸಿಯಾಗಿ ಬಹುಪಾಲು ಸಾಕೈ ದಾರಿಯಲ್ಲೇ ಸತ್ತವು.

ಸ್ನೇಕ್ ನದಿಯ ಕೆಳಭಾಗದ ನಾಲ್ಕು ಅಣೆಕಟ್ಟು ತೆಗೆಯಬೇಕೇ ಬೇಡವೇ ಅಂತ ಇಲ್ಲಿ ವರ್ಷಗಳಿಂದ ಜಗಳ. ಗೋಧಿ ಸಾಗಿಸುವ ದೋಣಿಗಳು ಆ ನೀರಿನಲ್ಲೇ ಓಡುತ್ತವೆ, ಕರೆಂಟೂ ಬರುತ್ತದೆ. ರೈತರ ಭಯ ಸುಳ್ಳಲ್ಲ. ಗೋಧಿ ರೈಲಿನಲ್ಲಿ ಹೋದೀತು, ಕರೆಂಟಿಗೆ ಬೇರೆ ದಾರಿ ಸಿಕ್ಕೀತು. ಮೀನಿಗೆ ಇರುವುದು ಈ ನದಿ ಒಂದೇ. ತೆಗೆಯಬೇಕು ಅಂತಲೇ ನನ್ನ ಮಾತು.

ಮುಂದಿನ ವರ್ಷ ನೀನು ಬರುವುದಾದರೆ ಸೆಪ್ಟೆಂಬರ್ ಶುರುವಿಗೇ ಬಾ. ಚಳಿಗಾಲಕ್ಕೆ ಇಟ್ಟುಕೊಳ್ಳಬೇಡ, ಹಿಮ ಜಾರಿ ಬ್ಯಾನರ್ ಸಮಿಟ್ ರಸ್ತೆ ಆಗಾಗ ಮುಚ್ಚುತ್ತದೆ. ಸ್ವೆಟರ್ ಮಾತ್ರ ಸೆಪ್ಟೆಂಬರಿಗೂ ಬೇಕು. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರವಿ